ಕೈಲಾಗುತ್ತಾ, ಗಿಟ್ಟುತ್ತಾ: ಎಐ ಕಲಿತ ಹುಡುಗರ ಎರಡು ಲೆಕ್ಕ

ಈ ವರ್ಷ ಬಿ.ಕಾಂ ಕೊನೆಯ ಸೆಮಿಸ್ಟರಿನ ಇಬ್ಬರು ಒಂದೇ ವಾರದಲ್ಲಿ ನನ್ನ ಹತ್ತಿರ ಬಂದು, ಮುಂದೇನು ಅನ್ನುವ ವಿಚಾರ ಮಾತಾಡಿದರು. ಹುಡುಗ ಹರಿಹರದ ಕಡೆಯವನು. ಪ್ರಾಜೆಕ್ಟ್ ವರದಿಯನ್ನು ಚಾಟ್‌ಬಾಟ್ ಕೈಲಿ ಬರೆಸಿ ಒಂದೇ ರಾತ್ರಿಯಲ್ಲಿ ಮುಗಿಸಿದ್ದ. “ಎಐ ನಂಗೆ ಚೆನ್ನಾಗಿ ಬರ್ತತಿ ಸಾರ್. ಬೆಂಗಳೂರಿಗೆ ಹೋದ್ರೆ ಐವತ್ತು ಸಾವಿರಕ್ಕೆ ಕಮ್ಮಿ ಯಾರೂ ಕೊಡಲ್ಲ” ಅಂದ. ಹುಡುಗಿ ಜಗಳೂರಿನವಳು. ಅದೇ ಚಾಟ್‌ಬಾಟ್ ಬಳಸಿದ್ದಳು. ಆದರೆ ಅದು ಮಾಡಿಕೊಟ್ಟ ಲೆಕ್ಕದಲ್ಲಿ ಸವಕಳಿಯನ್ನು (ಆಸ್ತಿ ಹಳತಾದಂತೆ ಇಳಿಯುವ ಬೆಲೆ) ಎರಡು ಸಲ ಕಳೆದಿದ್ದನ್ನು ಹಿಡಿದು, ತಿದ್ದಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದಳು. ಅವಳು ಹೇಳಿದ್ದು ಇಷ್ಟೇ: “ನಂಗೆ ಅಷ್ಟೇನೂ ಬರಲ್ಲ ಸಾರ್. ಮನೇಲಿ ಬ್ಯಾಂಕ್ ಪರೀಕ್ಷೆಗೆ ಓದು ಅಂತಿದಾರೆ, ಅದನ್ನೇ ಓದ್ತೀನಿ.”

ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ನನಗೆ ಯಾರಿಗೆ ಎಷ್ಟು ಬರುತ್ತೆ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೂ ನಾಳೆಯ ಬಗ್ಗೆ ಅವನ ನಿರೀಕ್ಷೆ ಗಗನದಲ್ಲಿತ್ತು, ಅವಳದು ಹೊಸ್ತಿಲು ದಾಟಿರಲಿಲ್ಲ. ಇದು ಹೇಗಾಗುತ್ತದೆ ಅನ್ನುವುದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಆಗ ದ್ವಿತೀಯ ಪಿಯುಸಿಯಲ್ಲಿ ಕೂತಿದ್ದವರು ಮೂರು ವರ್ಷದ ಪದವಿ ಸೇರಿದ್ದು ಅದರ ಮುಂದಿನ ವರ್ಷ. ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣ ಇರಲಿ, ಅದರ ಅಡಿಯಲ್ಲಿರುವ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳಿರಲಿ, ಇಡೀ ಪದವಿಯನ್ನು ಎಐ ಮಗ್ಗುಲಲ್ಲಿಟ್ಟುಕೊಂಡೇ ಓದಿದ ಮೊದಲ ತಂಡ ಇವರದು. ಇವರಿಗಿಂತ ಮುಂಚಿನವರನ್ನು ನೋಡಿ ಕಲಿಯೋಣವೆಂದರೆ ಮುಂಚಿನವರೇ ಇಲ್ಲ. ಪಾಠ ಮಾಡುವ ನಮಗೂ ಇಲ್ಲ.

ಹಾವು ಮುಟ್ಟಿಸಿದ ಮೇಷ್ಟ್ರು

ಈ ಕಥೆ ಎಐಗಿಂತ ಬಹಳ ಹಿಂದೆ ಶುರುವಾಗುತ್ತದೆ, ಅದೂ ಹಾವಿನಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1977ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾವೆಂದರೆ ಜೀವ ಬಿಡುವವರನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನವರು ಇನ್ನೊಬ್ಬರ ಜೊತೆಯಲ್ಲಿ ನಿಂತು, ಹಂತಹಂತವಾಗಿ ಧೈರ್ಯ ತಂದುಕೊಂಡು, ಕೊನೆಗೆ ತಾವೇ ಹಾವನ್ನು ಮುಟ್ಟಿ ಹಿಡಿದರು. ಇನ್ನೊಂದು ಗುಂಪಿನವರು ಬೇರೆಯವರು ಹಿಡಿಯುವುದನ್ನು ಕೂತು ನೋಡಿದರು. ಮತ್ತೊಂದು ಗುಂಪಿಗೆ ಇದಾವುದೂ ಇರಲಿಲ್ಲ. ‘ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬೆಳೆದದ್ದು ಸ್ವತಃ ಮುಟ್ಟಿದವರಲ್ಲಿ. ಮುಂದೆ ಹಾವಿನ ಎದುರು ಯಾರು ಎಷ್ಟು ಹತ್ತಿರ ಹೋಗುತ್ತಾರೆ ಅನ್ನುವುದನ್ನೂ ಆ ನಂಬಿಕೆಯ ಅಳತೆಯೇ ಚೆನ್ನಾಗಿ ಹೇಳುತ್ತಿತ್ತು.

ಇಂಥ ನಂಬಿಕೆ ನಾಲ್ಕು ಕಡೆಯಿಂದ ಹುಟ್ಟುತ್ತದೆ ಅಂದರು ಬಂಡೂರ. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು, ಎಲ್ಲಕ್ಕಿಂತ ಬಲವಾದದ್ದೂ ಅದೇ. ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು ಎರಡನೆಯದು. ನಾವು ನಂಬುವವರು ‘ನಿನ್ನ ಕೈಲಾಗುತ್ತೆ ಹೋಗು’ ಅನ್ನುವುದು ಮೂರನೆಯದು. ನಾಲ್ಕನೆಯದು ಮೈಯೇ ಹೇಳುವ ಮಾತು: ಎದೆ ಡವಡವ ಅಂದರೆ, ಅಂಗೈ ಬೆವರಿದರೆ, ಅದನ್ನೇ ‘ನನ್ನಿಂದಾಗದು’ ಅಂತ ಓದಿಕೊಳ್ಳುತ್ತೇವೆ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಜು ಕಲಿತದ್ದು ಬಾವಿಯೊಳಗೆ, ದಂಡೆಯ ಮೇಲೆ ಕೂತಲ್ಲ.

1994ರಲ್ಲಿ ರಾಬರ್ಟ್ ಲೆಂಟ್, ಸ್ಟೀವನ್ ಬ್ರೌನ್, ಗೇಲ್ ಹ್ಯಾಕೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಉದ್ಯೋಗದ ಕಡೆಗೆ ತಿರುಗಿಸಿದರು. ಒಬ್ಬ ವಿದ್ಯಾರ್ಥಿ ಕಸುಬು ಆರಿಸುವಾಗ ಒಳಗೊಳಗೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾನೆ ಅನ್ನುವುದು ಅವರ ಸಿದ್ಧಾಂತದ ತಿರುಳು. ನನ್ನ ಕೈಲಾಗುತ್ತಾ? ಕೈಲಾದರೆ, ಏನು ಗಿಟ್ಟುತ್ತೆ? ಮೊದಲನೆಯದು ಸಾಮರ್ಥ್ಯದ ನಂಬಿಕೆ, ಎರಡನೆಯದು ಫಲದ ನಿರೀಕ್ಷೆ. ಎರಡಕ್ಕೂ ಹೌದು ಅನ್ನಿಸಿದ ಕಡೆ ಆಸಕ್ತಿ ಹುಟ್ಟುತ್ತದೆ. ಆಸಕ್ತಿಯಿಂದ ಗುರಿ, ಗುರಿಯಿಂದ ಕೆಲಸ. ಇದರ ಸುತ್ತ ಮನೆ, ಊರು, ದುಡ್ಡು, ಗುರುತು-ಪರಿಚಯ ಇವೆಲ್ಲ ಎಳೆಯುವ ಅಥವಾ ತಡೆಯುವ ಕೈಗಳು.

ಮೊದಲ ಪ್ರಶ್ನೆ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಮಾಡಲಾಗದು ಅನ್ನಿಸಿದ ಕೆಲಸದ ಸಂಬಳ ಎಷ್ಟಿದ್ದರೇನು? ಅದನ್ನು ಯಾರೂ ಲೆಕ್ಕ ಹಾಕುತ್ತ ಕೂರುವುದಿಲ್ಲ.

ನಾಲೆಯಲ್ಲಿ ನೀರು

ಎಐ ಬಗ್ಗೆ ವಿದ್ಯಾರ್ಥಿಗಳ ನಡುವೆ ಸಮೀಕ್ಷೆ ಮಾಡುವ ಸಂಶೋಧಕರು ಸಾಮಾನ್ಯವಾಗಿ ಇದೇ ಸರಪಳಿಯನ್ನು ಇಟ್ಟುಕೊಳ್ಳುತ್ತಾರೆ: ಕೌಶಲದಿಂದ ಆತ್ಮವಿಶ್ವಾಸ, ಆತ್ಮವಿಶ್ವಾಸದಿಂದ ನಿರೀಕ್ಷೆ. ನಡುವಿನ ಕೊಂಡಿಗೆ ಅವರು ಮಧ್ಯವರ್ತಿ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಭದ್ರಾ ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಕೌಶಲವೆಂದರೆ ಜಲಾಶಯದಲ್ಲಿರುವ ನೀರು. ನಿರೀಕ್ಷೆಯೆಂದರೆ ಗದ್ದೆ. ಆತ್ಮವಿಶ್ವಾಸ ನಡುವಿನ ನಾಲೆ. ಡ್ಯಾಂ ತುಂಬಿದ ಸುದ್ದಿ ಪೇಪರಿನಲ್ಲಿ ಓದಿದ ಮಾತ್ರಕ್ಕೆ ಕೊನೆಯಂಚಿನ ರೈತನ ಗದ್ದೆಗೆ ನೀರು ಬರುವುದಿಲ್ಲ. ನಾಲೆಯಲ್ಲಿ ಹೂಳು ತುಂಬಿದ್ದರೆ ನೀರು ಅರ್ಧದಲ್ಲೇ ನಿಲ್ಲುತ್ತದೆ. ಜಗಳೂರಿನ ಹುಡುಗಿಯದು ಇದೇ ಸ್ಥಿತಿ. ಜಲಾಶಯದಲ್ಲಿ ನೀರಿದೆ, ಗದ್ದೆ ಒಣಗಿದೆ.

ಹರಿಹರದ ಹುಡುಗನದು ಇದರ ತಿರುವುಮುರುವು, ಅಲ್ಲಿ ನಾಲೆಯ ಹೋಲಿಕೆ ಕೈಕೊಡುತ್ತದೆ. ಇಲ್ಲದ ನೀರು ಗದ್ದೆಗೆ ಹೇಗೆ ಬಂತು? ಅದಕ್ಕೆ ಎಪಿಎಂಸಿ ಯಾರ್ಡಿಗೇ ಹೋಗಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಸಿ ಜೋಳ ತಂದರೆ ತಕ್ಕಡಿಯಲ್ಲಿ ತೂಕ ಜಾಸ್ತಿಯೇ ಬರುತ್ತದೆ. ಆದರೆ ಆ ತೂಕದಲ್ಲಿ ಜೋಳವೆಷ್ಟು, ನೀರೆಷ್ಟು? ಅದನ್ನು ತೇವಾಂಶ ನೋಡುವ ಮೀಟರ್ ಹೇಳುತ್ತದೆ. ಬೆಂಬಲ ಬೆಲೆ ಖರೀದಿಗೆ ತೇವಾಂಶ 14% ಮೀರಬಾರದು. ಅದಕ್ಕೇ ಕಣ ಸಾಲದೆ ರಸ್ತೆಯ ಮೇಲೂ ಜೋಳ ಹರಡಿ ಒಣಗಿಸುವುದು. ಆತ್ಮವಿಶ್ವಾಸಕ್ಕೂ ಹೀಗೇ ಒಂದು ತೇವಾಂಶ ಉಂಟು. ಎಐ ಬಂದ ಮೇಲೆ ಅದು ಏರಿದೆ ಅನ್ನುವುದು ನನ್ನ ತಕರಾರು.

ಗೆದ್ದವರು ಯಾರು?

ಬಂಡೂರ ಹೇಳಿದ ಮೊದಲ ಮೂಲವನ್ನು ಮತ್ತೆ ನೋಡಿ: ತಾನೇ ಮಾಡಿ ಗೆದ್ದ ಅನುಭವ. ಹಳೆಯ ಕಾಲದಲ್ಲಿ ಇದರಲ್ಲಿ ಗೊಂದಲವಿರಲಿಲ್ಲ. ಕೈಯಲ್ಲಿ ಬರೆದ ಬ್ಯಾಲೆನ್ಸ್ ಶೀಟ್ ಕೂಡಿ ಬಂದರೆ ಕೂಡಿಸಿದ್ದು ನೀನೇ, ಬರದಿದ್ದರೆ ತಪ್ಪಿದ್ದೂ ನೀನೇ. ಮೊದಲ ಎಂಟು ಸಲ ತಪ್ಪಿ, ಒಂಬತ್ತನೆಯ ಸಲ ಸರಿಯಾದಾಗ ಆಗುವ ಖುಷಿಯಲ್ಲಿ ಎಂಟು ಸೋಲಿನ ತೂಕವಿರುತ್ತಿತ್ತು. ಚಾಟ್‌ಬಾಟ್ ಮೊದಲ ಸಲವೇ ಚೊಕ್ಕ ಉತ್ತರ ಕೊಡುತ್ತದೆ. ಗೆದ್ದ ಅನುಭವ ವಿದ್ಯಾರ್ಥಿಗೆ ಆಗುತ್ತದೆ, ಗೆದ್ದದ್ದು ಮಾತ್ರ ಯಂತ್ರ. ಮನಸ್ಸು ಇವೆರಡನ್ನೂ ಬೇರೆ ಖಾತೆಗೆ ಬರೆದುಕೊಳ್ಳುವುದಿಲ್ಲ.

ಇದು ಬರೀ ಮೇಷ್ಟ್ರ ಗೊಣಗಾಟವಲ್ಲ. 2015ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡ ಸಂಗತಿ ಕೇಳಿ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಉತ್ತರ ಕಂಡುಕೊಂಡವರು, ಆಮೇಲೆ ಅದಕ್ಕೆ ಸಂಬಂಧವೇ ಇಲ್ಲದ ವಿಷಯಗಳ ಬಗ್ಗೆಯೂ ತಮ್ಮ ತಲೆಯೊಳಗಿನ ತಿಳಿವಳಿಕೆ ಹೆಚ್ಚಿದೆ ಅಂತ ಅಂದಾಜು ಮಾಡಿದರು. ಹೊರಗೆ ಸಿಕ್ಕಿದ್ದನ್ನು ಒಳಗಿದ್ದದ್ದು ಅಂದುಕೊಂಡರು. ಬರೀ ಹುಡುಕಾಟಕ್ಕೇ ಹೀಗಾದರೆ, ಉತ್ತರವನ್ನೇ ಬರೆದು ಕೊಡುವ ಯಂತ್ರಕ್ಕೆ ಹೇಗಾಗಬೇಡ?

ಅನುಭವಿಗಳಿಗೂ ಈ ಮೋಸ ತಪ್ಪಿದ್ದಲ್ಲ. ಅಮೆರಿಕದ ಮೀಟರ್ ಎಂಬ ಸಂಶೋಧನಾ ಸಂಸ್ಥೆ (ನಮ್ಮ ತೇವಾಂಶದ ಮೀಟರಿಗೂ ಇದಕ್ಕೂ ನಂಟಿಲ್ಲ, ಹೆಸರು ಹಾಗೆ ಕೂಡಿಬಂದಿದೆ) 2025ರ ಜುಲೈನಲ್ಲಿ ಒಂದು ವರದಿ ತಂದಿತು. ಪಳಗಿದ 16 ಸಾಫ್ಟ್‌ವೇರ್ ಡೆವಲಪರುಗಳಿಗೆ ಅವರದೇ ಪರಿಚಿತ ಕೋಡಿನ ಮೇಲೆ 246 ಕೆಲಸ. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಕೂಡದು. ಶುರುವಿಗೆ ಮುಂಚೆ ಅವರು, ಎಐ ಇದ್ದರೆ ಸಮಯ 24% ಉಳಿಯುತ್ತೆ ಅಂದಿದ್ದರು. ಮುಗಿದ ಮೇಲೆ, 20% ಉಳಿಯಿತು ಅಂದರು. ಗಡಿಯಾರ ನೋಡಿದರೆ ಎಐ ಬಳಸಿದ ಕೆಲಸಕ್ಕೆ 19% ಹೆಚ್ಚು ಸಮಯ ಹಿಡಿದಿತ್ತು. ಹದಿನಾರು ಜನರ ಲೆಕ್ಕವನ್ನು ಲೋಕಕ್ಕೆಲ್ಲ ಹಬ್ಬಿಸುವುದು ತಪ್ಪು, ಆ ಸಾಧನಗಳೂ ಆಮೇಲೆ ಬದಲಾಗಿವೆ. ನನ್ನನ್ನು ಕಾಡಿದ್ದು ನಿಧಾನವಾದ ವಿಷಯವಲ್ಲ. ಕೆಲಸ ಮಾಡಿದ ಮೇಲೂ ಅವರಿಗೆ ಅದು ಗೊತ್ತಾಗಲಿಲ್ಲವಲ್ಲ, ಅದು. ಪಳಗಿದವರ ಗತಿಯೇ ಇದಾದರೆ ಆರನೇ ಸೆಮಿಸ್ಟರಿನ ಹುಡುಗ ಐವತ್ತು ಸಾವಿರ ಅಂದದ್ದನ್ನು ಬರೀ ಜಂಬ ಅಂತ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೆ ಅನ್ನಿಸಿದೆ.

ಕಾರಿನ ಜಿಎಸ್‌ಟಿ

ಹಾಗಾದರೆ ಎಐ ಕೌಶಲ ಅಂದರೆ ಯಾವುದು? ಹುಡುಗರನ್ನು ಕೇಳಿದರೆ ಪ್ರಾಂಪ್ಟ್ (ಯಂತ್ರಕ್ಕೆ ಕೊಡುವ ಸೂಚನೆ) ಬರೆಯುವುದು ಅನ್ನುತ್ತಾರೆ. ಅದು ಒಂದು ವಾರದ ವಿದ್ಯೆ. ಮೇಲಾಗಿ ಯಂತ್ರಗಳು ಜಾಣವಾದಷ್ಟೂ ಅದರ ಬೆಲೆ ಇಳಿಯುತ್ತದೆ. ಬೆಲೆ ಇಳಿಯದ ಕೌಶಲವನ್ನು ತೋರಿಸಲು ನಾನು ತರಗತಿಯಲ್ಲಿ ಒಂದು ಉದಾಹರಣೆ ಕೊಡುತ್ತೇನೆ.

ಮಂಡಿಯ ವ್ಯಾಪಾರಿಯೊಬ್ಬರು ಅಂಗಡಿಯ ಹೆಸರಿನಲ್ಲಿ ಐದು ಸೀಟಿನ ಕಾರು ಕೊಂಡರು, ಜಿಎಸ್‌ಟಿ ಕಟ್ಟಿದರು. ಆ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದೇ, ಅಂದರೆ ಅಂಗಡಿ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದೇ? ಚಾಟ್‌ಬಾಟಿಗೆ ಕೇಳಿದರೆ, ವ್ಯವಹಾರಕ್ಕಾಗಿ ಕೊಂಡದ್ದರ ಮೇಲಿನ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ ಅಂತ ನಾಲ್ಕು ಸಾಲು ಅಚ್ಚುಕಟ್ಟಾಗಿ ಬರೆದುಕೊಟ್ಟ ಉದಾಹರಣೆ ನನ್ನ ಹತ್ತಿರ ಇದೆ. ಸಾಮಾನ್ಯ ನಿಯಮ ಅದೇ, ತಪ್ಪಿಲ್ಲ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು, ಚಾಲಕನೂ ಸೇರಿ 13 ಸೀಟಿನವರೆಗಿನ ಪ್ರಯಾಣಿಕ ವಾಹನಕ್ಕೆ ಕ್ರೆಡಿಟ್ ತಡೆಹಿಡಿಯುತ್ತದೆ. ಅದೇ ವಾಹನ ಮಾರುವ ವ್ಯಾಪಾರ, ಪ್ರಯಾಣಿಕರ ಸಾಗಣೆ, ಡ್ರೈವಿಂಗ್ ಶಾಲೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅದೇ ವ್ಯಾಪಾರಿ ಜೋಳ ಹೊರಲು ಗೂಡ್ಸ್ ಗಾಡಿ ಕೊಂಡಿದ್ದರೆ ಮಾತು ಬೇರೆ, ಅದಕ್ಕೆ ಕ್ರೆಡಿಟ್ ಉಂಟು.

ತರಗತಿಯಲ್ಲಿ ಬಹುಪಾಲು ಜನ ಆ ನಾಲ್ಕು ಸಾಲನ್ನು ಸರಿ ಅಂದರು. ತಪ್ಪು ಹಿಡಿದವಳು ರಜೆಯಲ್ಲಿ ಎರಡು ತಿಂಗಳು ಆಡಿಟರ್ ಆಫೀಸಿನಲ್ಲಿ ಬಿಲ್ಲು ಜೋಡಿಸಿದ ಇನ್ನೊಬ್ಬ ಹುಡುಗಿ. ಅವಳ ಪ್ರಾಂಪ್ಟು ಉಳಿದವರದಕ್ಕಿಂತ ಒಂದಿಷ್ಟೂ ಚೆನ್ನಾಗಿರಲಿಲ್ಲ. ‘ಕಾರು’ ಅನ್ನುವ ಪದ ಕಂಡ ಕೂಡಲೇ ಅವಳಿಗೆ ಎಲ್ಲೋ ಚುಚ್ಚಿತು, ಅಷ್ಟೇ. ಆ ಚುಚ್ಚುವಿಕೆಯೇ ಕೌಶಲ. ಅದು ಬರುವುದು ಎಐನಿಂದಲ್ಲ, ಆ ಕಸುಬಿನಿಂದ.

2023ರಲ್ಲಿ, ಕಂಪನಿಗಳಿಗೆ ಸಲಹೆ ಕೊಡುವ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನ 758 ಸಲಹೆಗಾರರ ಮೇಲೆ ಹಾರ್ವರ್ಡಿನವರೂ ಇದ್ದ ಒಂದು ತಂಡ ನಡೆಸಿದ ಪ್ರಯೋಗ ಇದನ್ನೇ ದೊಡ್ಡ ಅಳತೆಯಲ್ಲಿ ತೋರಿಸಿತು. ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು ಸುಮಾರು 25% ಬೇಗ ಮುಗಿಸಿದರು, ಗುಣಮಟ್ಟವೂ 40% ಮೇಲಿತ್ತು. ಒಗ್ಗದ ಒಂದು ಕೆಲಸವನ್ನೂ ಬೇಕೆಂದೇ ಆರಿಸಿ, ಕೆಲವರಿಗೆ ಅದನ್ನು ಕೊಟ್ಟಿದ್ದರು. ಅದರಲ್ಲಿ ಎಐ ಬಳಸಿದವರು ಸರಿಯುತ್ತರ ತಲುಪುವ ಪ್ರಮಾಣ ಬಳಸದವರಿಗಿಂತ 19 ಶೇಕಡಾಂಶ ಕಡಿಮೆ. ಒಗ್ಗುವುದಕ್ಕೂ ಒಗ್ಗದ್ದಕ್ಕೂ ನಡುವಿನ ಗೆರೆ ನೆಟ್ಟಗಿಲ್ಲ, ಗರಗಸದ ಹಲ್ಲಿನಂತಿದೆ. ಕಷ್ಟವೆನಿಸಿದ್ದನ್ನು ಯಂತ್ರ ಲೀಲಾಜಾಲವಾಗಿ ಮಾಡುತ್ತದೆ, ಸುಲಭವೆನಿಸಿದ್ದರಲ್ಲಿ ಎಡವುತ್ತದೆ. ಎಲ್ಲಿ ಯಾವ ಹಲ್ಲಿದೆ ಅಂತ ತನ್ನ ಕಸುಬಿನಲ್ಲಿ ಬಲ್ಲವನೇ ಎಐ ಬಲ್ಲವನು.

ಬರುತ್ತದೆ, ಆದರೆ ಬರಲ್ಲ ಅನ್ನುವವರು

ಇನ್ನು ಜಗಳೂರಿನ ಹುಡುಗಿ. ಹೂಳು ತುಂಬಿದ ನಾಲೆಯ ಬಗ್ಗೆ ಸಂಶೋಧನೆ ಹಳೆಯದು. 1981ರಲ್ಲಿ ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಗಂಡಸರು ಯಾವ ಉದ್ಯೋಗವಾದರೂ ಹೆಚ್ಚುಕಮ್ಮಿ ಒಂದೇ ಧೈರ್ಯದಿಂದ ‘ಆಗುತ್ತೆ’ ಅಂದರು. ಹೆಂಗಸರು, ಹೆಂಗಸರ ಕೆಲಸವೆಂದು ಲೋಕ ಒಪ್ಪಿದ್ದಕ್ಕೆ ಮಾತ್ರ ಹಾಗೆ ಅಂದರು, ಗಂಡಸರ ಕೆಲಸ ಅನ್ನಿಸಿಕೊಂಡದ್ದಕ್ಕೆ ಹಿಂಜರಿದರು. ಪರೀಕ್ಷೆಯಲ್ಲಿ ಅಳೆದ ಸಾಮರ್ಥ್ಯದಲ್ಲಿ ಇಬ್ಬರಿಗೂ ಅಂಥ ವ್ಯತ್ಯಾಸವಿರಲಿಲ್ಲ. ‘ಕಂಪ್ಯೂಟರ್ ಅಂದ್ರೆ ಹುಡುಗರದ್ದು’ ಅನ್ನುವ ಮಾತು ಲ್ಯಾಬಿನಲ್ಲಿ ಇವತ್ತಿಗೂ ಯಾರೂ ಹೇಳದೆಯೇ ಕೇಳಿಸುತ್ತದೆ: ಮೌಸು ಯಾರ ಕೈಯಲ್ಲಿರುತ್ತದೆ, ರೆಕಾರ್ಡ್ ಯಾರು ಬರೆಯುತ್ತಾರೆ, ನೋಡಿ.

ಅವಳಿಗೆ ಎರಡನೆಯ ಮೂಲವೂ ಬತ್ತಿದೆ. ಅವಳಂಥವರೇ ಎಐ ಬಳಸುವ ಕೆಲಸಕ್ಕೆ ಸೇರಿ ಬಾಳಿದ್ದನ್ನು ಅವಳು ಕಂಡಿಲ್ಲ. ಹುಡುಗನಿಗೆ ಮಾವನ ಮಗ ಬೆಂಗಳೂರಿನಲ್ಲಿದ್ದಾನೆ, ಜೊತೆಗೆ ಮೂರು ತಿಂಗಳಲ್ಲಿ ಲಕ್ಷಗಟ್ಟಲೆ ಪ್ಯಾಕೇಜ್ ಅನ್ನುವ ರೀಲುಗಳಿವೆ. ರೀಲಿನಲ್ಲಿ ಬಂದವನು ತನ್ನಂಥವನೇ ಅಂತ ಅವನಿಗನ್ನಿಸುತ್ತದೆ, ಅವಳಿಗೆ ಅನ್ನಿಸುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರ ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅವರಿಗೆ ಎಐ ನಿಜವಾಗಿಯೂ ಒಂದು ಬಾಗಿಲು ತೆಗೆದಿದೆ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಮೂರು ದಿನ ಹೆಣಗುತ್ತಿದ್ದವರು ಈಗ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಪಡೆಯುತ್ತಾರೆ. ಪಾಠ ಅರ್ಥವಾಗದಿದ್ದರೆ ಹತ್ತು ಸಲ ಕೇಳಬಹುದು, ಯಂತ್ರ ಬೈಯುವುದಿಲ್ಲ, ಪಕ್ಕದ ಬೆಂಚಿನವರು ನಗುವುದಿಲ್ಲ. ಬಂಡೂರ ಹೇಳಿದ ನಾಲ್ಕನೆಯ ಮೂಲ, ಎದೆಯ ಡವಡವ, ಅದು ಇಳಿದರೆ ನಂಬಿಕೆ ಏರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಂತ ಕನ್ನಡ ಇಂಗ್ಲಿಷು ಎರಡನ್ನೂ ಯಂತ್ರ ಒಂದೇ ಸಮ ಬಲ್ಲದು ಅಂದುಕೊಳ್ಳಬಾರದು. ಅದು ಕಲಿಯಲು ಸಿಕ್ಕ ಕನ್ನಡ ಬರಹ ಇಂಗ್ಲಿಷಿನ ಮುಂದೆ ಬಹಳ ಕಡಿಮೆ. ಕನ್ನಡದ ಒಂದು ಪದವನ್ನು ಅದು ಇಂಗ್ಲಿಷಿನದಕ್ಕಿಂತ ಹೆಚ್ಚು ಚೂರು ಮಾಡಿ ಓದುತ್ತದೆ. ಹಾಗಾಗಿ ಕನ್ನಡದಲ್ಲಿ ಕೇಳುವವರು ಉತ್ತರವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಇನ್ನೊಂದು ತೊಡಕೂ ಇದೆ. ಅರ್ಜಿಯ ಇಂಗ್ಲಿಷು ಯಂತ್ರದ್ದಾದರೂ ಸಂದರ್ಶನದ ಕುರ್ಚಿಯಲ್ಲಿ ಕೂರುವವರು ನಾವು. ಅರ್ಜಿ ಎಬ್ಬಿಸಿದ ನಿರೀಕ್ಷೆಯನ್ನು ಬಾಯಿ ಉಳಿಸಿಕೊಳ್ಳಬೇಕು. ಅಲ್ಲಿ ಒಮ್ಮೆ ಸೋತವರು ‘ನನ್ನ ಕೈಲಾಗದು’ ಅಂತ ಮೊದಲಿಗಿಂತ ಹಿಂದಕ್ಕೆ ಸರಿದದ್ದೂ ಉಂಟು.

ಏನು ಗಿಟ್ಟುತ್ತೆ?

ಇಲ್ಲಿಯವರೆಗೆ ಮೊದಲ ಪ್ರಶ್ನೆ. ಎರಡನೆಯ ಪ್ರಶ್ನೆಗೆ ಉತ್ತರ ವಿದ್ಯಾರ್ಥಿಯ ಕೈಯಲ್ಲಿಲ್ಲ, ಪೇಟೆಯ ಕೈಯಲ್ಲಿದೆ. ಪೇಟೆ ಎರಡು ನಾಲಿಗೆಯಲ್ಲಿ ಮಾತಾಡುತ್ತಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಜೊತೆಗಾರರು 2023ರಲ್ಲಿ ಹೊರತಂದ ಅಧ್ಯಯನ ಒಂದು. ಗ್ರಾಹಕ ಸೇವೆಯ 5 ಸಾವಿರಕ್ಕೂ ಹೆಚ್ಚು ನೌಕರರಿಗೆ ಎಐ ಸಹಾಯಕ ಕೊಟ್ಟಾಗ ಗಂಟೆಗೆ ಬಗೆಹರಿಸಿದ ದೂರುಗಳು ಸರಾಸರಿ 14% ಹೆಚ್ಚಿದವು, ಹೊಸಬರಲ್ಲಿ 34%. ಹಳಬರಿಗೆ ಅಂಥ ಲಾಭವಿಲ್ಲ. ಓದಿದರೆ ಹೊಸ ಪದವೀಧರರಿಗೆ ಹಬ್ಬ ಅನ್ನಿಸಬೇಕು. ಅದೇ ಬ್ರಿನ್ಯೋಲ್ಫ್‌ಸನ್ 2025ರಲ್ಲಿ ಬೇರೆ ಇಬ್ಬರ ಜೊತೆ ಅಮೆರಿಕದ ಸಂಬಳ ಪಟ್ಟಿಗಳ ದೊಡ್ಡ ರಾಶಿಯನ್ನು ಜಾಲಾಡಿದರು. ಎಐ ತಟ್ಟುವ ಸಾಧ್ಯತೆ ಹೆಚ್ಚಿರುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ 13% ಕುಗ್ಗಿತ್ತು. ಅದೇ ಕೆಲಸಗಳಲ್ಲಿದ್ದ ಹಿರಿಯರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ.

ಹೊಸಬನನ್ನು ಚುರುಕು ಮಾಡುವ ಯಂತ್ರವೇ ಹೊಸಬನ ಕುರ್ಚಿ ಕಡಿಮೆ ಮಾಡುತ್ತದೆಯೇ? ಎರಡೂ ಒಟ್ಟಿಗೇ ನಿಜವಾಗಲು ಅಡ್ಡಿಯಿಲ್ಲ. ಹತ್ತು ಜನ ಹೊಸಬರು ಹದಿಮೂರು ಜನರ ಕೆಲಸ ಮಾಡಿದರೆ, ಕೆಲಸ ಹೆಚ್ಚದೆ ಹೋದ ಕಡೆ ಯಜಮಾನ ಎಂಟು ಜನರನ್ನು ಇಟ್ಟುಕೊಳ್ಳುತ್ತಾನೆ. ಪುಸ್ತಕದಲ್ಲಿ ಸಿಗುವ ವಿದ್ಯೆಯನ್ನು ಯಂತ್ರ ಕೊಡುತ್ತದೆ, ಅನುಭವದಲ್ಲಿ ಮಾತ್ರ ಸಿಗುವುದನ್ನು ಹಿರಿಯ ಕೊಡುತ್ತಾನೆ. ಪುಸ್ತಕದ ವಿದ್ಯೆಯೊಂದನ್ನೇ ಹಿಡಿದು ಬಂದವನು ನಡುವೆ ಸಿಕ್ಕಿಕೊಳ್ಳುತ್ತಾನೆ. ಅಮೆರಿಕದ ಅಂಕಿ ದಾವಣಗೆರೆಯ ಆಡಿಟರ್ ಆಫೀಸಿಗೆ ನೇರವಾಗಿ ಹೊಂದದು. ಆ 13%ಕ್ಕೆ ಎಐ ಎಷ್ಟು ಕಾರಣ, ಬಡ್ಡಿದರದಂಥ ಬೇರೆ ಕಾರಣಗಳೆಷ್ಟು ಎಂಬ ವಾದವೂ ನಡೆದಿದೆ. ಆದರೂ ಹುಡುಗರು ಆಸೆಪಡುವುದು ಬೆಂಗಳೂರಿಗೆ, ಬೆಂಗಳೂರಿನ ಐಟಿ ಕಂಪನಿಗಳು ನೋಡುವುದು ಅಮೆರಿಕದ ಗಿರಾಕಿಯ ಮುಖವನ್ನು.

ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿ, 2030ರ ಹೊತ್ತಿಗೆ ಜಗತ್ತಿನಲ್ಲಿ 17 ಕೋಟಿ ಹೊಸ ಕೆಲಸ ಹುಟ್ಟಿ 9.2 ಕೋಟಿ ಹೋಗುತ್ತವೆ ಅನ್ನುತ್ತದೆ. ಕಾಲೇಜುಗಳ ಪವರ್‌ಪಾಯಿಂಟಿನಲ್ಲಿ ಈ ಅಂಕಿ ಪದೇ ಪದೇ ಕಾಣಿಸುತ್ತದೆ. ಮಾಲೀಕರನ್ನು ಕೇಳಿ ಕಟ್ಟಿದ ಅಂದಾಜು ಅದು, ಎಐ ಜೊತೆ ಇನ್ನೂ ಹಲವು ಕಾರಣಗಳನ್ನು ಕೂಡಿಸಿ ಹಾಕಿದ್ದು. ಅಂದರೆ ಅದೂ ಒಂದು ನಿರೀಕ್ಷೆಯೇ, ಹುಡುಗನ ಐವತ್ತು ಸಾವಿರದಂತೆ.

ಮನೆಯವರ ನೆನಪು ಕೂಡ ಈ ಲೆಕ್ಕದೊಳಗೆ ಕೂತಿದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿದ್ದ ಕಾಲದಲ್ಲಿ ಮಗ ಮಿಲ್ಲಿಗೆ ಸೇರಿದರೆ ಬದುಕು ದಡ ಸೇರಿತು ಅಂತ ನಂಬಿದ್ದರು. ಕೈಯಲ್ಲಿ ಕಸುಬಿತ್ತು, ಕೈಲಾಗುತ್ತೆ ಅನ್ನುವ ನಂಬಿಕೆಯೂ ಇತ್ತು. ಮಿಲ್ಲುಗಳೇ ಒಂದೊಂದಾಗಿ ಬಾಗಿಲು ಹಾಕಿದಾಗ ಗಿಟ್ಟುವ ಲೆಕ್ಕ ಮಗುಚಿಬಿತ್ತು. ಅದನ್ನು ನೋಡಿದ ಮನೆಗಳಲ್ಲಿ ‘ಯಂತ್ರ ಬಂದು ಕೆಲಸ ತಿನ್ನುತ್ತಂತೆ’ ಅನ್ನುವ ಸುದ್ದಿಗೆ ಒಂದೇ ಉತ್ತರ: ಸರ್ಕಾರಿ ನೌಕರಿ. ಪಿಡಿಒ, ಎಫ್‌ಡಿಎ, ಬ್ಯಾಂಕ್, ಪೊಲೀಸ್. ಧಾರವಾಡದಲ್ಲಿ ರೂಮು ಮಾಡಿ ಎರಡು ವರ್ಷ ಓದುವುದು. ಒಂದೇ ಸುದ್ದಿ ಒಬ್ಬನನ್ನು ಎಐ ಕೋರ್ಸಿಗೆ ಕಳಿಸುತ್ತದೆ, ಇನ್ನೊಬ್ಬಳನ್ನು ಕೋಚಿಂಗ್ ಸೆಂಟರಿಗೆ. ಇದನ್ನು ಅಂಜುಬುರುಕತನ ಅನ್ನಲಾರೆ. ‘ಕೈಲಾಗುತ್ತಾ’ ಗೊತ್ತಿಲ್ಲದಾಗ ಜನ ‘ಗಿಟ್ಟುತ್ತಾ’ ಅನ್ನುವುದರಲ್ಲಿ ಖಾತ್ರಿ ಹುಡುಕುತ್ತಾರೆ. ಆದರೆ ಸವಕಳಿಯ ತಪ್ಪು ಹಿಡಿಯುವ ಹುಡುಗಿ ತನಗೆ ಬರುವುದಿಲ್ಲ ಅಂದುಕೊಂಡು ಆ ಸಾಲಿಗೆ ಸೇರುವುದೇ ಬೇರೆ, ಬರುತ್ತದೆ ಅಂತ ತಿಳಿದೂ ಆರಿಸಿಕೊಳ್ಳುವುದೇ ಬೇರೆ.

ಅಳತೆಯ ತೊಂದರೆ

ಈ ವಿಷಯದ ಸಂಶೋಧನಾ ಪ್ರಬಂಧಗಳನ್ನು ಓದುವಾಗ ಒಂದು ಎಚ್ಚರ ಬೇಕು. ಎಐ ಕೌಶಲ ಹೆಚ್ಚಿದ್ದವರಿಗೆ ಉದ್ಯೋಗದ ನಿರೀಕ್ಷೆಯೂ ಹೆಚ್ಚು ಅಂತ ಬರೆದಿದ್ದರೆ, ಕೌಶಲವನ್ನು ಅಳೆದದ್ದು ಹೇಗೆ ಅಂತ ಹುಡುಕಿ ನೋಡಿ. ಬಹಳ ಕಡೆ ವಿದ್ಯಾರ್ಥಿಯನ್ನೇ ಕೇಳಿರುತ್ತಾರೆ: ‘ಎಐ ಸಾಧನಗಳನ್ನು ನಾನು ಚೆನ್ನಾಗಿ ಬಳಸಬಲ್ಲೆ’, ಒಂದರಿಂದ ಐದರೊಳಗೆ ಅಂಕ ಕೊಡಿ. ಇದು ಕೌಶಲದ ಅಳತೆಯಲ್ಲ, ಆತ್ಮವಿಶ್ವಾಸವನ್ನೇ ಇನ್ನೊಂದು ಹೆಸರಿನಲ್ಲಿ ಕೇಳಿದ್ದು. ನಮ್ಮ ಹರಿಹರದ ಹುಡುಗ ಐದು ಹಾಕುತ್ತಾನೆ, ಜಗಳೂರಿನವಳು ಎರಡು. ತಕ್ಕಡಿ ಇದೆ, ತೇವಾಂಶದ ಮೀಟರ್ ಇಲ್ಲ. ಜೊತೆಗೆ ಇಂಥ ಸಮೀಕ್ಷೆಗಳಲ್ಲಿ ಎಷ್ಟೋ ಒಂದೇ ಸಲ ಕೇಳಿದವು. ಕೌಶಲದಿಂದ ನಿರೀಕ್ಷೆ ಬಂತೋ, ಮೊದಲೇ ದೊಡ್ಡ ಕನಸಿದ್ದವನು ಎಐ ಕಲಿತನೋ, ಒಂದೇ ಫೋಟೋ ನೋಡಿ ಹೇಳಲಾಗದು.

ಇದನ್ನು ಓದಿದ ಮೇಲೆ ನನ್ನದೇ ಒಂದು ಸಣ್ಣ ಮೀಟರ್ ಮಾಡಿಕೊಂಡೆ. ತಿಂಗಳಿಗೊಮ್ಮೆ ತೆರಿಗೆ ತರಗತಿಯಲ್ಲಿ ಹತ್ತು ಪ್ರಶ್ನೆ, ಹತ್ತಕ್ಕೂ ಚಾಟ್‌ಬಾಟ್ ಕೊಟ್ಟ ಉತ್ತರ ಹಂಚುತ್ತೇನೆ. ಕೆಲವು ಸರಿ, ಕೆಲವು ತಪ್ಪು. ಯಾವುದು ಸರಿ, ಯಾವುದು ತಪ್ಪು, ಯಾಕೆ, ಅಂತ ಬರೆಯಬೇಕು. ಕಾಯ್ದೆಯ ಪುಸ್ತಕ ತೆರೆಯಬಹುದು, ಫೋನು ಕೂಡದು. ಶುರು ಮಾಡುವ ಮುಂಚೆ ಒಂದು ಚೀಟಿಯಲ್ಲಿ, ಹತ್ತರಲ್ಲಿ ಎಷ್ಟು ಸರಿಯಾಗಿ ಗುರುತಿಸುತ್ತೇನೆ ಅನ್ನುವ ಅಂದಾಜು ಬರೆದು ಮಡಚಿಡಬೇಕು. ಅಂಕ ನನಗೆ ಮುಖ್ಯವಲ್ಲ. ಚೀಟಿಗೂ ಅಂಕಕ್ಕೂ ಇರುವ ಅಂತರವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ, ಹೆಸರಿಲ್ಲದೆ.

ಮೊದಲ ತಿಂಗಳು ಹುಡುಗನ ಚೀಟಿಯಲ್ಲಿ ಹತ್ತು ಇತ್ತು, ಬಂದದ್ದು ನಾಲ್ಕು. ಹುಡುಗಿ ನಾಲ್ಕು ಬರೆದಿದ್ದಳು, ಬಂದದ್ದು ಎಂಟು. ಚೀಟಿ ಬಿಚ್ಚಿದಾಗ ಇಬ್ಬರಿಗೂ ಒಂದೇ ತರಹ ಮುಜುಗರವಾಯಿತು, ಅದು ನನಗೆ ವಿಚಿತ್ರವಾಗಿ ಕಂಡಿತು. ಎರಡನೆಯ ತಿಂಗಳು ಅವನು ಐದು ಬರೆದ, ಐದೇ ಬಂತು. ತರಗತಿ ಮುಗಿದ ಮೇಲೆ ಬಂದು, ಪಿ.ಜೆ. ಬಡಾವಣೆಯಲ್ಲಿ ಯಾವುದಾದರೂ ಆಡಿಟರ್ ಆಫೀಸಿನಲ್ಲಿ ರಜೆಗೆ ಸೇರಿಸಿಕೊಳ್ಳುತ್ತಾರಾ ಅಂತ ಕೇಳಿದ. ಐವತ್ತು ಸಾವಿರದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳು ಎರಡನೆಯ ತಿಂಗಳು ಏಳು ಬರೆದಿದ್ದಳು. ಬ್ಯಾಂಕ್ ಪರೀಕ್ಷೆಯ ಪುಸ್ತಕ ಇನ್ನೂ ಅವಳ ಬ್ಯಾಗಿನಲ್ಲಿದೆ. “ಅದನ್ನೂ ಓದ್ತೀನಿ ಸಾರ್” ಅಂದಳು. ಆ ‘ಅದನ್ನೂ’ ಮೊದಲ ಸಲ ‘ಅದನ್ನೇ’ ಆಗಿತ್ತು.